ಕಾಶಿಯಿಂದ ಕನ್ನಡದಲ್ಲಿ ಹೋದ ಲಕೋಟೆ

ನಿವೃತ್ತನಾಗಿ ಎರಡು ತಿಂಗಳು ಕಳೆದಿತ್ತು. ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಶಿವಾನಿ ಫೋನ್ ಮಾಡಿ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಇದೆ, ತಾವು ಬಂದು ಹತ್ತು ನಿಮಿಷ ಅನುಭವ ಹೇಳಬೇಕು ಎಂದಳು. ಹೋದೆ. ಐವತ್ತು ನಿಮಿಷ ಹೇಳಿದೆ. ಚಹಾ ಆರಿತು, ಸಮೋಸ ಮೆತ್ತಗಾಯಿತು, ಹಿಂದಿನ ಸಾಲಿನ ಇಬ್ಬರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದರು. ಕಣ್ಣು ತೆರೆದು ನಿದ್ದೆ ಮಾಡುವುದು ನಮ್ಮ ಇಲಾಖೆಯಲ್ಲಿ ಬಹಳ ಬೇಕಾಗುವ ವಿದ್ಯೆ. ಅವರಿಬ್ಬರೂ ಮುಂದೆ ಬರುತ್ತಾರೆ.

ಅಲ್ಲಿ ಹೇಳಲು ಸಮಯ ಸಾಲದ್ದನ್ನು, ಹೇಳಲು ಧೈರ್ಯ ಸಾಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುವುದಕ್ಕೆ ಎರಡು ಕಾರಣ. ಇದು ನಮ್ಮ ಮನೆಯ ಭಾಷೆ, ಅದು ಒಂದು. ನನ್ನ ವಿಭಾಗದ ಹಳೆಯ ಸಹೋದ್ಯೋಗಿಗಳಲ್ಲಿ ಯಾರಿಗೂ ಓದಲು ಬರುವುದಿಲ್ಲ, ಇದು ಇನ್ನೊಂದು. ಕರ್ನಾಟಕದಲ್ಲಿ ಈಗಷ್ಟೇ ವಿಶ್ವವಿದ್ಯಾಲಯದ ಆಡಳಿತ ಕಚೇರಿ ಸೇರಿದ ಹುಡುಗ ಹುಡುಗಿಯರು ಇದನ್ನು ಓದಿದರೆ ಸಂತೋಷ. ಊರು ಬೇರೆಯಾದರೂ ಕಡತದ ದಾರ ಎಲ್ಲೆಲ್ಲೂ ಕೆಂಪೇ.

ನನ್ನ ಹೆಸರು ಶ್ರೀನಿವಾಸ ಭಟ್ಟ. ಕಚೇರಿಯಲ್ಲಿ ಭಟ್ ಜೀ. ಹುಟ್ಟಿದ್ದು ಕಾಶಿಯ ಹನುಮಾನ್ ಘಾಟಿನಲ್ಲಿ. ನಮ್ಮ ಮುತ್ತಜ್ಜ ಕರ್ನಾಟಕದಿಂದ ಯಾತ್ರೆಗೆ ಬಂದವರು ಇಲ್ಲೇ ನಿಂತರು. ಅಂದಿನಿಂದ ಮನೆಯ ಗಂಡಸರೆಲ್ಲ ದಕ್ಷಿಣದ ಯಾತ್ರಿಗಳಿಗೆ ಸಂಕಲ್ಪ ಹೇಳಿ, ಶ್ರಾದ್ಧ ಮಾಡಿಸಿ ಬದುಕಿದವರು. ನನಗೆ ಮಂತ್ರ ನಾಲಿಗೆಗೆ ಹತ್ತಲಿಲ್ಲ, ಟೈಪಿಂಗ್ ಬೆರಳಿಗೆ ಹತ್ತಿತು. ಅಪ್ಪ ಒಂದು ವಾರ ಮಾತು ಬಿಟ್ಟು, ಆಮೇಲೆ, "ಹೋಗಲಿ ಬಿಡು, ಅಲ್ಲೂ ಜನರ ಹೆಸರು ಬರೆದಿಡೋ ಕೆಲಸಾನೇ ತಾನೇ," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಅವರು ಹೇಳಿದ್ದು ವಹಿಯನ್ನು ನೆನೆದು. ಅದು ನಮ್ಮಲ್ಲಿಗೆ ಬಂದ ಯಾತ್ರಿಗಳ ಊರು, ಮನೆತನ, ಹೆಸರುಗಳನ್ನು ಬರೆದಿಡುವ ಉದ್ದನೆಯ ಪುಸ್ತಕ. ಮೊಮ್ಮಗ ಬಂದರೆ ಅವನ ಅಜ್ಜ ಯಾವ ಸಂವತ್ಸರದಲ್ಲಿ ಬಂದಿದ್ದ ಎಂದು ತೆಗೆದು ತೋರಿಸುವುದು ಅಪ್ಪನ ಹೆಮ್ಮೆ. ವಹಿಯಲ್ಲಿ ಎಲ್ಲವೂ ಕನ್ನಡದಲ್ಲೇ. ಅಂಕಿಗಳೂ ಕನ್ನಡದವೇ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಲ್ಲ, ಆ ವಹಿಯಲ್ಲಿ. ಕನ್ನಡ ಅಂಕಿಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋಗುವುದು ಅಲ್ಲಿಂದಲೇ.

ನಾನು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದಾಗ ನಮ್ಮದಕ್ಕೆ ಸಿಬ್ಬಂದಿ ವಿಭಾಗ ಎಂದು ಹೆಸರು. ಆಮೇಲೆ ಒಂದು ಬೆಳಿಗ್ಗೆ ಬಂದು ನೋಡಿದರೆ ಬಾಗಿಲ ಮೇಲೆ ಮಾನವ ಸಂಪನ್ಮೂಲ ವಿಭಾಗ ಎಂಬ ಹೊಸ ಬೋರ್ಡು. ಒಳಗೆ ಅದೇ ಸೋರುವ ಮೂಲೆ, ಅದೇ ಮೂರು ಕಾಲಿನ ಸ್ಟೂಲು, ಅದೇ ನಾವು. ನಾವು ಸಂಪನ್ಮೂಲಗಳಾದೆವೆಂದು ಸಂತೋಷಪಟ್ಟು ಎಲ್ಲರೂ ಲಸ್ಸಿ ಕುಡಿದೆವು.

ನಮ್ಮ ಮೇಲಧಿಕಾರಿ ತಿವಾರಿ ಜೀ, ಉಪಕುಲಸಚಿವರು. ಮನೆ ಗಂಗೆಯಾಚೆ ರಾಮನಗರದಲ್ಲಿ. ಪ್ರತಿದಿನ ಹನ್ನೊಂದಕ್ಕೆ ಬಂದು, "ಸೇತುವೆ ಮೇಲೆ ಜಾಮ್" ಎನ್ನುತ್ತಿದ್ದರು. ಒಮ್ಮೆ ಹರತಾಳದ ದಿನ, ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಾಗ, ಅವರು ಹನ್ನೊಂದೂವರೆಗೆ ಬಂದರು. ಎಲ್ಲರೂ ಅವರ ಮುಖ ನೋಡಿದೆವು. ಸಾಹೇಬರು ವೀಳ್ಯದೆಲೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿ, "ಇಷ್ಟು ಖಾಲಿ ಸೇತುವೆ ನೋಡಿ ಮನಸ್ಸು ತುಂಬಿಬಂತು, ಸ್ವಲ್ಪ ಹೊತ್ತು ನಿಂತುಬಿಟ್ಟೆ," ಎಂದರು. ಆದರೆ ಕಡತ ಓದುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನಾವು ಮರೆಮಾಚಿದ್ದು ಎಲ್ಲಿದೆಯೋ ಅವರ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಸೇವಾ ವಿವರದ ಫಾರಂನಲ್ಲಿ "ಪತ್ನಿಯ ಹೆಸರು" ಎಂಬ ಕಲಂ ಇತ್ತು. ಪತಿಯದು ಇರಲಿಲ್ಲ. ಫಾರಂ ಮಾಡಿದ ಮಹಾನುಭಾವನಿಗೆ ಹೆಂಗಸರು ಕೆಲಸಕ್ಕೆ ಬರುವರೆಂಬ ಕಲ್ಪನೆ ಇರಲಿಲ್ಲ. ವರ್ಷಗಟ್ಟಲೆ ಹೆಂಗಸರು ಅದಕ್ಕೆ ಗೆರೆ ಎಳೆದು ಕೊಡುತ್ತಿದ್ದರು, ನಾವು ತೆಗೆದುಕೊಳ್ಳುತ್ತಿದ್ದೆವು. ಕೊನೆಗೆ ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕಿ ಅಲ್ಲಿ "ಹುಡುಕುತ್ತಿದ್ದೇನೆ, ಅಡಿಗೆ ಬಲ್ಲವಳು ಸಿಕ್ಕರೆ ತಿಳಿಸಿ" ಎಂದು ಬರೆದರು. ನಾನು ಅದನ್ನು ನೋಡದೆ ಠಸ್ಸೆ ಒತ್ತಿ ಮೇಲೆ ಕಳಿಸಿದೆ. ತಿವಾರಿ ಜೀ ನನ್ನನ್ನು ಕರೆದು, "ಭಟ್ ಜೀ, ಈ ಅರ್ಜಿಯನ್ನು ಪರಿಶೀಲಿಸಿದೆ ಅಂತ ಸಹಿ ಹಾಕಿದ್ದೀರಿ. ಹಾಗಾದ್ರೆ ಹುಡುಕಿಕೊಡಿ," ಎಂದರು. ಫಾರಂ ಬದಲಾಯಿತು. ಓದದೆ ಸಹಿ ಹಾಕುವ ನನ್ನ ಚಾಳಿಯೂ ಮುಕ್ಕಾಲು ಪಾಲು ಬದಲಾಯಿತು.

ಉಳಿದ ಕಾಲು ಪಾಲು ಹುಲಿಗೆಮ್ಮನವರ ಕಥೆಯ ಕೊನೆಯಲ್ಲಿ ಬರುತ್ತದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಮೊಬೈಲು ಎಲ್ಲರ ಕೈಗೂ ಬಂದಿರಲಿಲ್ಲ. ಅಧ್ಯಾಪಕರ ನೇಮಕವಾದರೆ ಪತ್ರ ಅಂಚೆಯಲ್ಲೇ ಹೋಗಬೇಕು, ಅವರು ಒಂದು ತಿಂಗಳೊಳಗೆ ಬಂದು ಸೇರಬೇಕು, ಸೇರದಿದ್ದರೆ ಕಾಯುವ ಪಟ್ಟಿಯಲ್ಲಿದ್ದ ಎರಡನೆಯವರಿಗೆ ಆ ಜಾಗ. ಆ ಸಲ ಸಸ್ಯಶಾಸ್ತ್ರದ ಒಂದು ಮೀಸಲು ಹುದ್ದೆಗೆ ಆಯ್ಕೆಯಾದವರ ಹೆಸರು ಪಟ್ಟಿಯಲ್ಲಿ ನೋಡಿದೆ: ಡಾ. ಹುಲಿಗೆಮ್ಮ. ಕೊಪ್ಪಳದ ಕಡೆಯ ಒಂದು ಹಳ್ಳಿ. ಪಿಎಚ್‌ಡಿ ಮುಗಿಸಿ, ಹಾಸ್ಟೆಲ್ ಬಿಟ್ಟು, ಊರಿನ ವಿಳಾಸವೊಂದನ್ನೇ ಕೊಟ್ಟಿದ್ದರು. ಫೋನಿನ ಕಲಂ ಖಾಲಿ.

ನನ್ನ ಅಷ್ಟು ವರ್ಷದ ನೌಕರಿಯಲ್ಲಿ ನಾನು ಪತ್ರ ಕಳಿಸಬೇಕಾಗಿ ಬಂದ ಮೊದಲ ಕನ್ನಡದ ಹಳ್ಳಿ ಅದು. ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಪದ್ಧತಿ ಏನೆಂದರೆ, ವಿಳಾಸವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಚೀಟಿಯನ್ನು ಲಕೋಟೆಗೆ ಅಂಟಿಸುವುದು. ನಾನು ಚೀಟಿ ಬಿಸಾಡಿದೆ. ಶಾಯಿಯ ಪೆನ್ನು ತೆಗೆದು, ಅಪ್ಪ ವಹಿಯಲ್ಲಿ ಬರೆಯುವಂತೆ ದುಂಡಗೆ, ಕನ್ನಡದಲ್ಲಿ ಬರೆದೆ. ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು. ಕಾಶಿಯಿಂದ ಕನ್ನಡದಲ್ಲಿ ಪತ್ರ ಬಂದರೆ ಆ ಹುಡುಗಿಗೆ ಎಷ್ಟು ಧೈರ್ಯ ಬರಬಹುದು ಎಂದು ಯೋಚಿಸಿ ನನ್ನ ಕಣ್ಣು ಒದ್ದೆಯಾಯಿತು. ಆ ಒದ್ದೆಗಣ್ಣಿನಲ್ಲೇ ಪಿನ್‌ಕೋಡನ್ನೂ ಕನ್ನಡ ಅಂಕಿಯಲ್ಲಿ ಬರೆದೆ.

ರವಾನೆಯ ಮೇಜಿನ ರಾಮಧನಿ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಈ ಕಾ ಲಿಖಲೇ ಹಉಆ, ಭಟ್ ಜೀ? ಜಲೇಬಿ ಛನಲೇ ಹಉಆ ಕಾ?" ಎಂದ. ಇದೇನು ಬರೆದದ್ದೋ ಜಲೇಬಿ ಕರಿದದ್ದೋ ಎಂದು ಅವನ ಪ್ರಶ್ನೆ. "ನಿನಗೇನು ಗೊತ್ತು, ಕಳಿಸು," ಎಂದೆ. ಅವನು ಕಟ್ಟಿನಲ್ಲಿ ಸೇರಿಸಿ ಕಳಿಸಿದ.

ಕಾಶಿಯ ಅಂಚೆಯವರಲ್ಲಿ ಅದನ್ನು ಯಾರು ಓದಬೇಕು? ಕೊನೆಗೆ ಅಂಕಿಯಾದರೂ ಗುರುತು ಸಿಕ್ಕಿದ್ದರೆ ಕರ್ನಾಟಕದ ಕಡೆಗೆ ತಳ್ಳುತ್ತಿದ್ದರು, ಆ ಬಾಗಿಲನ್ನೂ ನಾನೇ ಮುಚ್ಚಿದ್ದೆ. ತಪ್ಪು ಅವರದಲ್ಲ. ಲಕೋಟೆ ಎಲ್ಲೆಲ್ಲಿ ಸುತ್ತಿತೋ, ಯಾವ ಯಾವ ಊರಿನವರು ಅದನ್ನು ಮೂಸಿ ನೋಡಿದರೋ, ಇಪ್ಪತ್ತಾರನೆಯ ದಿನ ಬೆಳಿಗ್ಗೆ ನಾನು ಬಂದು ಕೂತಾಗ ನನ್ನ ಮೇಜಿನ ಮೇಲೆ ಬಿದ್ದಿತ್ತು. ಮೇಲೆ ಕೆಂಪು ಪೆನ್ಸಿಲಿನಲ್ಲಿ ಎರಡೇ ಪದ: ಭಾಷಾ ಅಜ್ಞಾತ.

ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದೆ. ನಾಲ್ಕು ದಿನ ಉಳಿದಿತ್ತು. ಬೇರೆ ಪತ್ರ ಹೋಗಿ ಮುಟ್ಟುವುದಕ್ಕೇ ಅಷ್ಟು ಬೇಕು. ಕಾಯುವ ಪಟ್ಟಿಯ ಎರಡನೆಯವರು ಇದೇ ಊರಿನವರು, ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, "ಆ ಮದ್ರಾಸಿ ಮೇಡಂ ಬಂದ್ರಾ?" ಎಂದು ವಿಚಾರಿಸಿ ಹೋಗುತ್ತಿದ್ದರು. ಒಬ್ಬ ಹುಡುಗಿ ಓದಿ ಗೆದ್ದುಕೊಂಡ ಕೆಲಸವನ್ನು ನಾನು ನನ್ನ ದುಂಡಕ್ಷರದ ಚಪಲಕ್ಕೆ ಬಲಿ ಕೊಟ್ಟಿದ್ದೆ. ಅವಳಿಗೆ ಆಯ್ಕೆಯಾದದ್ದೂ ಗೊತ್ತಿರಲಿಲ್ಲ.

ಮಧ್ಯಾಹ್ನ ರಜೆ ಹಾಕಿ ಮನೆಗೆ ಓಡಿದೆ. ಅಪ್ಪ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಊರು ಯಾವುದು?" ಎಂದರು. ಹೇಳಿದೆ. ಒಳಗೆ ಹೋಗಿ ವಹಿ ತಂದು, ಬೆರಳಿಗೆ ಎಂಜಲು ಹಚ್ಚದೆ, ಹಾಳೆಗಳನ್ನು ಮೆಲ್ಲಗೆ ಮಗುಚಿದರು. ಆ ಊರಿನ ಎಂಟು ಮನೆಗಳು ವಹಿಯಲ್ಲಿದ್ದವು. ಎಂಟೂ ಮೇಲುಗೇರಿಯವು. ಹುಲಿಗೆಮ್ಮನವರ ತಂದೆ ದುರ್ಗಪ್ಪನ ಹೆಸರಾಗಲಿ, ಅವರ ಕೇರಿಯ ಯಾರೊಬ್ಬರ ಹೆಸರಾಗಲಿ ಇರಲಿಲ್ಲ. ಇರುವುದು ಹೇಗೆ? ಅವರು ಬಂದಿದ್ದರೆ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದರೇ, ನಾವು ಹತ್ತಗೊಡುತ್ತಿದ್ದೆವೇ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಕಚೇರಿಯಲ್ಲಿ ಮೀಸಲಾತಿಯ ಪಟ್ಟಿ ಇಡುತ್ತಿದ್ದವನು ನಾನೇ.

ಎಂಟರಲ್ಲಿ ಒಂದು ಮನೆಯ ಮುಂದೆ ಫೋನ್ ನಂಬರಿತ್ತು. ವಾಮನರಾವ್ ಕುಲಕರ್ಣಿ, ಹಿಂದಿನ ವರ್ಷ ತಾಯಿಯ ಅಸ್ಥಿ ತಂದಿದ್ದವರು. ಗಲ್ಲಿಯ ಫೋನ್ ಬೂತಿಗೆ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋದೆ.

"ವಾಮನಾ, ನಾನು ಕಾಶಿಯಿಂದ ಭಟ್ಟ."

ಅಪ್ಪನಿಗೆ ದೂರದ ಊರಿಗೆ ಮಾತಾಡುವುದೆಂದರೆ ಅಷ್ಟು ದೂರ ಕೇಳುವಂತೆ ಕೂಗುವುದು. ಅತ್ತಲಿನ ಮಾತೂ ಅಷ್ಟೇ ಜೋರು, ಹೊರಗೆ ನಿಂತ ನನಗೂ ಕೇಳುತ್ತಿತ್ತು.

"ಏನ್ರಿ ಭಟ್ಟರ, ಎಲ್ಲಾ ಆರಾಮ ಅದೀರಿ?"

"ಆರಾಮ. ನಿಮ್ಮೂರ ದುರ್ಗಪ್ಪನ ಮಗಳು ಹುಲಿಗೆಮ್ಮಂಗೆ ಇಲ್ಲಿ ವಿಶ್ವವಿದ್ಯಾಲಯದಲ್ಲಿ ಕೆಲಸ ಆಗಿದೆ. ಪತ್ರ ತಪ್ಪಿಹೋಗಿದೆ. ಇವತ್ತೇ ರೈಲು ಹತ್ತಬೇಕು. ಹೋಗಿ ಹೇಳು."

ಅತ್ತಲಿಂದ, "ಆ ಕೇರಿಗೆ ನಾವು ಹೋಗಂಗಿಲ್ರಿ. ನಾಳೆ ಯಾರ ಕೈಲಾದ್ರೂ ಹೇಳಿ ಕಳಸ್ತೀನಿ."

"ನಾಳೆ ಅಲ್ಲ, ಈಗ. ಯಾರ ಕೈಲೋ ಅಲ್ಲ, ನೀನು. ಆಗೋದಿಲ್ಲ ಅಂದ್ರೆ ಮುಂದಿನ ಸಲ ಗಂಗಾಸ್ನಾನಕ್ಕೆ ಬಂದಾಗ ಸಂಕಲ್ಪಾನ ಬೇರೆ ಯಾರ ಹತ್ರಾನಾದ್ರೂ ಹೇಳಿಸ್ಕೋ. ನಿಮ್ಮನೆ ಹಾಳೆ ನಾನು ಮುಚ್ಚಿಟ್ಟೆ."

ಮೂರು ತಲೆಮಾರಿನ ಹೆಸರಿರುವ ಹಾಳೆ. ವಾಮನರಾವ್, "ಹೊಂಟೆ ನೋಡ್ರಿ," ಎಂದರು. ಅಪ್ಪ ಫೋನಿಟ್ಟು ಬೂತಿನ ಹೊರಗೆ ಬಂದರು. "ಅವನಿಗೆ ಬೈದೆ. ನಾನೇನು ಅಂಥ ಕೇರಿಗೆ ಹೋದವನಾ? ಫೋನಲ್ಲಿ ಹೇಳೋದು ಸುಲಭ," ಎಂದರು. ಅಪ್ಪನ ಬಾಯಲ್ಲಿ ಆ ಥರದ ಮಾತು ಕೇಳಿದ್ದು ಅದೊಂದೇ ಸಲ.

ಅರ್ಧ ಕೆಲಸ ಆಯಿತು. ಆದರೆ ಕೊಪ್ಪಳದ ಕಡೆಯಿಂದ ಕಾಶಿಗೆ ಬರುವುದೆಂದರೆ ಎರಡು ಹಗಲು ಎರಡು ರಾತ್ರಿ, ಅದೂ ಜನವರಿ, ಮಂಜಿನಲ್ಲಿ ರೈಲುಗಳು ತಡವರಿಸಿಕೊಂಡು ಬರುವ ಕಾಲ. ಗಡುವಿನ ವಿಸ್ತರಣೆ ಬೇಕೇ ಬೇಕು. ಮರುದಿನ ತಿವಾರಿ ಜೀ ಮುಂದೆ ಹೋಗಿ ನಿಂತೆ. ವಾಪಸು ಬಂದ ಲಕೋಟೆಯ ಜೊತೆ ಟಿಪ್ಪಣಿಯನ್ನೂ ಬರೆದುಕೊಂಡೇ ಹೋಗಿದ್ದೆ: ಅಂಚೆಯ ವಿಳಂಬದಿಂದಾಗಿ ಅಭ್ಯರ್ಥಿಗೆ ಪತ್ರ ತಲುಪಿಲ್ಲ, ಹತ್ತು ದಿನ ಅವಧಿ ವಿಸ್ತರಿಸಬಹುದು.

ಅವರು ಓದಿದರು. ನನ್ನತ್ತ ನೋಡಿದರು. "ಭಟ್ ಜೀ, ನೇಮಕ ಪತ್ರದ ಕೊನೆಯ ಸಾಲು ಹೇಳಿ."

ನಾನು ಅದನ್ನು ಸಾವಿರ ಸಲ ಟೈಪ್ ಮಾಡಿದವನು. ಅಂಚೆಯ ವಿಳಂಬಕ್ಕೆ ವಿಶ್ವವಿದ್ಯಾಲಯವು ಹೊಣೆಯಲ್ಲ.

"ಹೌದಲ್ಲ? ಅಂಚೆ ತಡವಾಯಿತು ಅಂದ್ರೆ ಅವರ ಹಣೆಬರಹ, ವಿಸ್ತರಣೆ ಇಲ್ಲ. ತಪ್ಪು ಕಚೇರಿಯದು ಅಂದ್ರೆ ಮಾತ್ರ ಕೊಡಬಹುದು." ಅವರ ಬೆರಳು ಲಕೋಟೆಯ ಮೇಲೆ, ಸರಿಯಾಗಿ ಪಿನ್‌ಕೋಡಿನ ಮೇಲೆ ಬಂದು ನಿಂತಿತು. "ಕಚೇರಿಯದು ಅಂದ್ರೆ, ಯಾರದು ಅಂತ ಮೇಲಿನವರು ಕೇಳ್ತಾರೆ. ನೀವು ಬರೀತೀರೋ ಇಲ್ಲವೋ, ನಿಮಗೆ ಬಿಟ್ಟದ್ದು. ನಾನು ಪಾನ್ ಹಾಕ್ಕೊಂಡು ಬರ್ತೀನಿ."

ಹೊಸಬರಿಗೆ ಒಂದು ಮಾತು. ಕಚೇರಿಯ ಕಡತಗಳಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ತಪ್ಪು ತಾನಾಗಿಯೇ ಆಗಿರುತ್ತದೆ, ಕಾಗದ ತಾನಾಗಿಯೇ ಕಳೆದಿರುತ್ತದೆ, ವಿಳಂಬ ಎಲ್ಲಿಂದಲೋ ಬಂದು ಕೂತಿರುತ್ತದೆ. ನಾನು ಹದಿನೈದು ವರ್ಷ ಹಾಗೆಯೇ ಬರೆದಿದ್ದೆ. ಆ ದಿನ ಟಿಪ್ಪಣಿಯ ಹಸಿರು ಹಾಳೆಯ ಮೇಲೆ, ಲಕೋಟೆಯ ವಿಳಾಸವನ್ನು ಪದ್ಧತಿ ಬಿಟ್ಟು ಕನ್ನಡದಲ್ಲಿ ಬರೆದವನು ನಾನು, ಅಭಿಮಾನದಿಂದ ಬರೆದೆ, ಯಾರೂ ಹೇಳಿರಲಿಲ್ಲ, ಅಭ್ಯರ್ಥಿಯ ತಪ್ಪು ಇಲ್ಲ ಎಂದು ಬರೆದು ಸಹಿ ಹಾಕಿದೆ. ಲಕೋಟೆಯನ್ನು ಕಡತಕ್ಕೆ ಹೊಲಿದು ಪುಟಸಂಖ್ಯೆ ಹಾಕಿದೆ. ಮನೆಯಲ್ಲಿ ನನ್ನ ಸಂಬಳ ನಂಬಿದ ಇಬ್ಬರು ಮಕ್ಕಳು, ವಯಸ್ಸಾದ ಅಪ್ಪ.

ತಿವಾರಿ ಜೀ ಬಂದು ಓದಿ, ಸಹಿ ಹಾಕಿ, "ಜನ ದ್ವೇಷದಿಂದ ಕಡತ ಕೆಡಿಸೋದು ನೋಡಿದೀನಿ. ಪ್ರೀತಿಯಿಂದ ಕೆಡಿಸಿದವರು ನೀವೇ ಮೊದಲು," ಎಂದರು. ಸಂಜೆಯೊಳಗೆ ಕುಲಸಚಿವರ ಅನುಮೋದನೆ ಬಂತು. ಅದರ ಕೆಳಗೆ ಇನ್ನೊಂದು ಸಾಲು, ಸಂಬಂಧಪಟ್ಟ ನೌಕರನಿಂದ ವಿವರಣೆ ಪಡೆಯುವುದು. ಮೆಮೊ ಬಂತು, ಉತ್ತರ ಕೊಟ್ಟೆ, ನನ್ನ ಬಡ್ತಿ ಎರಡು ವರ್ಷ ಮೂಲೆಯಲ್ಲಿ ಕೂತಿತು. ಬಡ್ತಿಯ ಕಥೆ ಯಾರಿಗೂ ಬೇಡ.

ಹುಲಿಗೆಮ್ಮನವರು ಗಡುವು ಮುಗಿದ ಮರುದಿನ ಬಂದರು. ಒಂದು ತಗಡಿನ ಟ್ರಂಕು, ಹೆಗಲ ಮೇಲೆ ಕಂಬಳಿ. ದುಡ್ಡು ಹೊಂದಿಸಿ ರೈಲು ಹತ್ತಲು ಒಂದು ದಿನ, ಮೇಲೆ ರೈಲು ಹದಿನಾಲ್ಕು ತಾಸು ತಡ. ವಿಸ್ತರಣೆಯ ಸಂಗತಿ ಅವರಿಗೆ ತಿಳಿಯದು. ಎಲ್ಲ ಮುಗಿದೇ ಹೋಯಿತೆಂದುಕೊಂಡು, ಆದರೂ ಕೇಳಿಯೇ ಬಿಡೋಣ ಎಂದು ಬಂದವರ ಮುಖ ಅದು. ಬಾಗಿಲಲ್ಲೇ ಇದ್ದ ರಾಮಧನಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಮೇಡಂ, ನಿಮ್ಮ ಕಾಗದ ಇಲ್ಲೇ ಬಿದ್ದಿತ್ತು, ಭಟ್ ಜೀ ಮೇಜಿನ ಮೇಲೆ."

ಅವರು ಬಂದು ನನ್ನ ಮೇಜಿನ ಮುಂದೆ ನಿಂತು ಹೆಸರಿನ ಹಲಗೆ ಓದಿದರು. ಭಟ್ಟ. ನಾನು ಕನ್ನಡದಲ್ಲಿ, "ಬನ್ನಿ, ಕೂತ್ಕೊಳ್ಳಿ, ಸೇರಿಸ್ಕೊಳ್ತೀವಿ, ಭಯ ಬೇಡ," ಎಂದೆ. ಅವರು ಕೂರಲಿಲ್ಲ.

"ನಿಮಗ ಕನ್ನಡ ಬರ್ತೈತಿ," ಎಂದರು. "ಕನ್ನಡ ಬಲ್ಲವರ ಮೇಜಿನ ಮ್ಯಾಲೇ ನನ್ನ ಕಾಗದ ಕುಂತಿತ್ತು. ಯಾಕಂತ ನನಗ ಗೊತ್ತಾತು ಬಿಡ್ರಿ. ಎಲ್ಲಿ ಸಹಿ ಮಾಡಬೇಕು, ಹೇಳ್ರಿ."

ಅವರು ತಿಳಿದುಕೊಂಡದ್ದು ಏನೆಂದು ನನಗೂ ಗೊತ್ತಾಯಿತು. ಹಾಗೆ ತಿಳಿದುಕೊಳ್ಳಲು ಅವರಿಗೆ ಬಾಳಿನುದ್ದಕ್ಕೂ ಕಾರಣ ಸಿಕ್ಕಿರಬೇಕು. ಬಾಯಿ ತೆರೆದೆ. ಏನೆಂದು ಹೇಳಲಿ? ನಿಮ್ಮ ಮೇಲಿನ ಪ್ರೀತಿಯಿಂದ ನಿಮ್ಮ ಕೆಲಸ ಕಳೆಯುವುದರಲ್ಲಿದ್ದೆ ಎಂದೇ? ಬಾಯಿ ಮುಚ್ಚಿ ಸಹಿಯ ಜಾಗ ತೋರಿಸಿದೆ. ಕಡತದಲ್ಲಿ ಎಲ್ಲ ಬರೆದಿದ್ದೇನಲ್ಲ, ಸತ್ಯ ಅಲ್ಲಿದೆ ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನದಲ್ಲಿ ವರ್ಷಗಳು ಹೋದವು. ಊರೊಳಗೆ ಭೇಲೂಪುರದಲ್ಲಿ ಹುಲಿಗೆಮ್ಮನವರು ಮನೆ ಹುಡುಕುವಾಗ ಮೂರು ಕಡೆ "ಯಾವ ಬಿರಾದರಿ?" ಎಂದು ಜಾತಿ ಕೇಳಿ ಬಾಗಿಲು ಮುಚ್ಚಿದರಂತೆ, ನಾಲ್ಕನೆಯ ಕಡೆ ಅವರೇ ಮನೆಯೊಡತಿಯ ಬಿರಾದರಿ ವಿಚಾರಿಸಿ ಆಮೇಲೆ ಒಳಗೆ ಹೋದರಂತೆ. ಇದೆಲ್ಲ ಬೇರೆಯವರಿಂದ ತಿಳಿದದ್ದು. ನನ್ನೊಡನೆ ಅವರ ಮಾತು ಹಿಂದಿಯಲ್ಲಿ ಮಾತ್ರ, ಅದೂ ಮೂರು ಪದಕ್ಕೆ ಮೀರದಂತೆ. ಕಾಶಿಯಲ್ಲಿ ಕನ್ನಡ ಮಾತಾಡಲು ಸಿಗುವವರು ಬೆರಳೆಣಿಕೆ. ಅವರಲ್ಲಿ ನಾವಿಬ್ಬರು ಒಂದೇ ಕಾರಿಡಾರಿನಲ್ಲಿ ಎದುರಾದರೆ "ನಮಸ್ಕಾರ್, ಫೈಲ್ ಭೇಜಿಯೇ" ಎಂದು ಫೈಲು ಕಳಿಸಲು ಹೇಳಿಕೊಂಡು ಹೋಗುತ್ತಿದ್ದೆವು. ಅದು ನನಗೆ ಮೆಮೊಗಿಂತ ಹೆಚ್ಚು ನೋವಿನದಾಗಿತ್ತು.

ನಡುವೆ ಕಾಲವೂ ಬದಲಾಯಿತು. ಟೈಪ್‌ರೈಟರ್ ಗುಜರಿಗೆ ಹೋಯಿತು, ಕಂಪ್ಯೂಟರ್ ಬಂತು, ಕಡತಗಳು ಪರದೆಯೊಳಗೆ ಹೊಕ್ಕವು. ಮೊದಲು ಕಾಗದ ಕಳೆದರೆ ಕಪಾಟಿನ ಹಿಂದೆ ಹುಡುಕುತ್ತಿದ್ದೆವು, ಈಗ ಯಾರ ಹಿಂದೆ ಹುಡುಕಬೇಕೆಂದೇ ತಿಳಿಯದು. ಸಮಾನ ಅವಕಾಶ ಕೋಶ ಎಂಬ ಹೊಸ ವಿಭಾಗವೂ ಬಂತು. ಅದು ಮೊದಲು ಮಾಡಿದ ಕೆಲಸ ಗಾಲಿಕುರ್ಚಿಯವರಿಗಾಗಿ ಒಂದು ಇಳಿಜಾರು ಕಟ್ಟಿಸಿದ್ದು. ಬಹಳ ಚೆಂದದ ಇಳಿಜಾರು, ನೇರವಾಗಿ ಹೋಗಿ ಬೀಗ ಹಾಕಿದ ಒಂದು ಬಾಗಿಲಿಗೆ ಮುಟ್ಟುತ್ತಿತ್ತು. ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ. ಉದ್ಘಾಟನೆಯಾಗಿ ಆರು ತಿಂಗಳ ಮೇಲೆ ಕೋಶದ ಮುಖ್ಯಸ್ಥೆಯಾಗಿ ಪ್ರೊಫೆಸರ್ ಹುಲಿಗೆಮ್ಮ ಬಂದರು. ಬಂದ ದಿನವೇ ಬಡಗಿಯನ್ನು ಕರೆಸಿ ಬಾಗಿಲನ್ನೇ ಕಿತ್ತುಹಾಕಿಸಿದರು. ಬಾಗಿಲು ಕೀಳಲು ಯಾರ ಅನುಮತಿ ಎಂದು ನಮ್ಮಿಂದ ಪತ್ರ ಹೋಯಿತು. ಇಳಿಜಾರನ್ನು ಬಾಗಿಲಿಗೆ ಕಟ್ಟಲು ಯಾರ ಅನುಮತಿ ಎಂದು ಅಲ್ಲಿಂದ ಉತ್ತರ ಬಂತು. ನಾನು ಎರಡನ್ನೂ ಒಟ್ಟಿಗೆ ಹೊಲಿದಿಟ್ಟೆ.

ನಿವೃತ್ತಿಯ ಕೊನೆಯ ವಾರ ಪ್ರತಿಯೊಬ್ಬ ನೌಕರನೂ ಒಂದು ಫಾರಂ ಹಿಡಿದುಕೊಂಡು ಎಲ್ಲ ವಿಭಾಗಗಳಿಗೂ ತಿರುಗಬೇಕು. ಗ್ರಂಥಾಲಯದ ಪುಸ್ತಕ, ಕಪಾಟಿನ ಕೀಲಿ, ವಸತಿಗೃಹದ ಬಲ್ಬು, ಏನೂ ಇವರ ಹತ್ತಿರ ಉಳಿದಿಲ್ಲ ಎಂದು ಒಬ್ಬೊಬ್ಬರೂ ಸಹಿ ಹಾಕಬೇಕು. ನಾನು ಬೇರೆಯವರನ್ನು ತಿರುಗಿಸಿ ತಿರುಗಿಸಿ ಸುಸ್ತು ಮಾಡಿದ ಫಾರಂ ಅದು. ಈಗ ನನ್ನ ಸರದಿ. ಎಲ್ಲ ಸಹಿಯೂ ಆಗಿ ಸಮಾನ ಅವಕಾಶ ಕೋಶ ಒಂದು ಉಳಿಯಿತು. ಹೋದೆ.

ಹುಲಿಗೆಮ್ಮನವರು ಫಾರಂ ತೆಗೆದುಕೊಂಡು ನೋಡಿ ಪಕ್ಕಕ್ಕಿಟ್ಟರು. ಇಪ್ಪತ್ತು ವರ್ಷದ ಮೇಲೆ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು.

"ಸಹಿ ಮಾಡಂಗಿಲ್ರಿ. ನಿಮ್ಮ ಕಡಿಂದ ನನಗ ಒಂದು ಬರೋದೈತಿ."

"ಏನು, ಮೇಡಂ?"

"ಕುಂದ್ರಿ. ನಾಕು ವರ್ಷದ ಹಿಂದ ಮಾಹಿತಿ ಹಕ್ಕಿನಾಗ ನನ್ನ ಕಡತ ತರಿಸಿ ನೋಡೀನಿ. ಲಕೋಟೆ ನೋಡೀನಿ. ನೀವು ಬರದದ್ದೂ ಓದೀನಿ. ಇವತ್ತು ಬಂದು ಹೇಳ್ತಾರ, ನಾಳೆ ಬಂದು ಹೇಳ್ತಾರ ಅಂತ ನಾಕು ವರ್ಷ ಕಾದೀನಿ. ಅದಕ್ಕೂ ಮೊದಲು ಹದಿನಾರು ವರ್ಷ ನಿಮ್ಮನ್ನ ಮನಸಿನಾಗ ಬೈದೀನಿ. ಒಂದು ಮಾತು ಬಾಯಿಬಿಟ್ಟು ಹೇಳಾಕ ಏನಾಗಿತ್ರಿ ನಿಮಗ?"

"ಕಡತದಲ್ಲಿ ಬರೆದಿದ್ದೆನಲ್ಲ," ಎಂದೆ.

"ಕಡತದಾಗ ಬರದ್ರ ಮನಷ್ಯಾಗ ಹೇಳಿದಂಗ ಆಗ್ತೈತೇನ್ರಿ?"

ಇಷ್ಟು ವರ್ಷ ಜನರ ಬಗ್ಗೆ ಬರೆದಿದ್ದೆ, ಅವರ ಮುಖಕ್ಕೆ ಹೇಳಿದ್ದು ಕಡಿಮೆ. ಆ ಗಳಿಗೆಯಲ್ಲಿ ನನಗೆ ನಿಜವಾಗಿ ನಾಚಿಕೆಯಾಯಿತು.

"ಈಗ ಹೇಳ್ರಿ. ಬಾಯಿಲೆ. ಮೊದಲಿಂದ," ಎಂದು ಚಹಾ ತರಿಸಿದರು.

ಹೇಳಿದೆ. ಶಾಯಿಯ ಪೆನ್ನು, ಒದ್ದೆಗಣ್ಣು, ರಾಮಧನಿಯ ಜಲೇಬಿ. ಪಿನ್‌ಕೋಡಿನ ಹತ್ತಿರ ಬರುವಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಂಕಿನೂ ಕನ್ನಡದಾಗ! ನಮ್ಮೂರ ಪೋಸ್ಟಮನ್ನಗೂ ಓದಾಕ ಬರ್ತಿರಲಿಲ್ರಿ ಅವು!" ಅಪ್ಪ ವಾಮನರಾವ್‌ಗೆ ಹಾಕಿದ ಬೆದರಿಕೆ ಹೇಳಿದಾಗ ನಗು ನಿಂತಿತು.

"ಹಂಗಾರ ಅದಕ್ಕ ಬಂದಿದ್ದಾ ಆಂವ," ಎಂದರು. "ಕೇರಿ ಮುಂದಿನ ಬೇವಿನ ಗಿಡದ ತನಕ ಬಂದು ಅಲ್ಲಿಂದನ ಒದರಿದಾ. ನಮ್ಮಪ್ಪಗ ಕಿವಿ ಮಂದ. ಏನು, ಏನು ಅಂದ. ಇನ್ನೊಂದಿಷ್ಟು ಹತ್ರ ಬಂದು ಒದರಿದಾ. ಮತ್ತ ಏನು ಅಂದ. ಹಂಗ ಬಾಗಿಲ ತನಕ ಬರಬೇಕಾತು. ಅವತ್ತ ಮೊದಲ ನೋಡ್ರಿ, ಅವರ ಮನಿಯವರು ನಮ್ಮ ಬಾಗಿಲಿಗೆ ಬಂದದ್ದು." ಚಹಾದ ಲೋಟ ಪಕ್ಕಕ್ಕಿಟ್ಟು ಕೇಳಿದರು, "ನಿಮ್ಮ ವಹಿಯೊಳಗ ನಮ್ಮ ಕೇರಿಯವರ ಹೆಸರು ಎಷ್ಟವ?"

"ಒಂದೂ ಇಲ್ಲ," ಎಂದೆ. ಅಪ್ಪ ತೀರಿಕೊಂಡ ಮೇಲೆ ವಹಿ ನನ್ನ ಹತ್ತಿರವೇ ಇದೆ. "ನೀವು ಹೂಂ ಅಂದ್ರೆ ನಾಳೇನೇ ನಿಮ್ಮ ತಂದೆಯವರ ಹೆಸರು, ನಿಮ್ಮ ಹೆಸರು ಬರೀತೀನಿ."

"ಬ್ಯಾಡ್ರಿ," ಎಂದರು. ಸಿಟ್ಟಿನಿಂದಲ್ಲ, ಚಹಾ ಇನ್ನೊಂದು ಲೋಟ ಬೇಡ ಎನ್ನುವಷ್ಟು ಸಲೀಸಾಗಿ. "ನನ್ನ ಸರ್ವಿಸ್ ಬುಕ್ಕಿನಾಗ ಬರದೀರಲ್ಲ, ತಂದೆ ಹೆಸರು ದುರ್ಗಪ್ಪ ಅಂತ, ಅದೇ ದುಂಡಕ್ಷರದಾಗ. ಅದು ಸಾಕು."

ಆಮೇಲೆ ಫಾರಂ ಎಳೆದುಕೊಂಡು, ಷರಾ ಎಂಬ ಕಲಂನಲ್ಲಿ ಏನೋ ಬರೆದು, ಸಹಿ ಹಾಕಿ, ಮಡಿಸಿ ಕೊಟ್ಟರು. ನಾನು ತೆರೆದು ನೋಡದೆ ಆಡಳಿತ ಶಾಖೆಯ ಪೆಟ್ಟಿಗೆಗೆ ಹಾಕಿ ಮನೆಗೆ ಹೋದೆ. ಓದದೆ ಮುಂದೆ ಕಳಿಸುವ ಆ ಕಾಲು ಪಾಲು ಚಾಳಿ ಕೊನೆಯವರೆಗೂ ಹೋಗಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಫಾರಂ ನನ್ನ ಮೇಜಿಗೆ ವಾಪಸು ಬಂದಿತ್ತು. ಮೇಲೊಂದು ಚೀಟಿ: ಭಾಷಾ ಅಜ್ಞಾತ, ಅನುವಾದ ಲಗತ್ತಿಸಿ. ತೆರೆದು ನೋಡಿದರೆ ಷರಾ ಕನ್ನಡದಲ್ಲಿತ್ತು, ದಿನಾಂಕವೂ ಕನ್ನಡ ಅಂಕಿಯಲ್ಲೇ. "ಹೇಳಬೇಕಾದ್ದನ್ನು ಇವರು ಹೇಳಿದ್ದಾರೆ. ಬರಬೇಕಾದ್ದು ಏನೂ ಉಳಿದಿಲ್ಲ."

ಪಕ್ಕದಲ್ಲಿದ್ದ ಶಿವಾನಿ ಆ ಭಾಷೆ ಬಲ್ಲವರನ್ನು ಹುಡುಕುತ್ತೇನೆಂದು ಎದ್ದಳು. ಬೇಡ ಎಂದು ಕೂರಿಸಿ ನಾನೇ ಹಿಂದಿಗೆ ಅನುವಾದ ಮಾಡಿ, ಠಸ್ಸೆ ಒತ್ತಿ, ಸಹಿ ಹಾಕಿದೆ. ಆ ಕಚೇರಿಯಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದು. ಎರಡನೆಯ ವಾಕ್ಯವನ್ನು ಮಾತ್ರ ಅನುವಾದಿಸಿದೆ. ಮೊದಲನೆಯದು ಕಡತಕ್ಕೆ ಸಂಬಂಧಪಟ್ಟದ್ದಲ್ಲ.